ಹದಿನೆಂಟೂವರೆ ರೂಪಾಯಿಯ ಇಳಕಲ್ ಸೀರೆ

ನಮ್ಮಕ್ಕ ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾಳೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಫೋಟೊ ಹಾಕೋದು, ದುಡ್ಡು ಕಳಿಸಿದವರ ಸ್ಕ್ರೀನ್‌ಶಾಟ್ ನೋಡಿ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕೋದು, ಇಷ್ಟೇ ಅವಳ ಆಫೀಸು. ಎರಡು ವರ್ಷದ ಹಿಂದೆ, ಪಂಚಮಿ ಹಬ್ಬಕ್ಕೆ ಇನ್ನೇನು ಹದಿನೈದು ದಿನ ಅನ್ನುವಾಗ ಫೋನ್ ಮಾಡಿದಳು. "ಚೀಟಿ ಎತ್ತಿದ ರೊಕ್ಕದಾಗ ಸೀರಿ ತಂದೀನೋ ತಮ್ಮಾ. ನನಗೂ ಒಂದು ವೆಬ್‌ಸೈಟ್ ಮಾಡಿಕೊಡು." ಬೆಂಗಳೂರಿನ ಕಂಪನಿಯೊಂದರಲ್ಲಿ ಆರು ವರ್ಷದಿಂದ ನಾನು ಮಾಡ್ತಿರೋದೇ ಈ ಕೆಲಸ. ಒಂದು ವೀಕೆಂಡ್ ಸಾಕು ಅಂದೆ.

ಆನ್‌ಲೈನ್‌ನಲ್ಲಿ ದುಡ್ಡು ತಗೊಳ್ಳೋಕೆ ಪೇಮೆಂಟ್ ಗೇಟ್‌ವೇಯ ಎಪಿಐ ಕರೆಯಬೇಕು. ನೇರವಾಗಿ ಕರೆದರೆ ವಿಳಾಸ, ಹೆಡರ್, ಜೇಸನ್, ಸಹಿ ಪರಿಶೀಲನೆ ಎಲ್ಲ ನಾವೇ ನೋಡ್ಕೋಬೇಕು. ಅದು ಬೇಡ ಅಂತಲೇ ಅವರು ಎಸ್‌ಡಿಕೆ ಕೊಡ್ತಾರೆ. ತಾಲ್ಲೂಕು ಆಫೀಸಿನ ಮುಂದೆ ಅರ್ಜಿ ಬರೆದುಕೊಡುವವರು ಇರ್ತಾರಲ್ಲ, ಹಾಗೆ. ಯಾವ ಫಾರಂ, ಯಾವ ಕಿಟಕಿ, ಎಲ್ಲಿ ಸ್ಟ್ಯಾಂಪ್ ಎಲ್ಲ ಅವರಿಗೆ ಗೊತ್ತು. ಸರ್ವೆ ನಂಬರು ಮಾತ್ರ ನೀವೇ ಹೇಳಬೇಕು. ತಪ್ಪು ಹೇಳಿದರೆ ಅದನ್ನೇ ಚಂದದ ಅಕ್ಷರದಲ್ಲಿ ಬರೆದುಕೊಡ್ತಾರೆ.

ಶನಿವಾರ ಬೆಳಿಗ್ಗೆ ಪೈಥಾನ್‌ನಲ್ಲಿ ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ, ಪಿಪ್‌ನಿಂದ ಎಸ್‌ಡಿಕೆ ಇನ್‌ಸ್ಟಾಲ್ ಮಾಡಿದೆ. ಟೆಸ್ಟ್ ಕೀ ಒಂದು, ಲೈವ್ ಕೀ ಒಂದು. ಎರಡನ್ನೂ ಕೋಡ್‌ನಲ್ಲಿ ಬರೆಯದೆ ಬೇರೆ ಫೈಲಿನಲ್ಲಿಟ್ಟು, ಆ ಫೈಲು ಗಿಟ್‌ಗೆ ಹೋಗದ ಹಾಗೆ ನೋಡಿಕೊಂಡೆ. ಇದೆಲ್ಲ ಪಾಠ ಸರಿಯಾಗಿಯೇ ಓದಿದ್ದೆ. ಆಮೇಲೆ ಕ್ಲೈಂಟ್ ಮಾಡಿಕೊಂಡು, ಮೊತ್ತ 100, ಕರೆನ್ಸಿ ಐಎನ್‌ಆರ್ ಅಂತ ಕೊಟ್ಟು ಒಂದು ಆರ್ಡರ್ ಕಳಿಸಿದೆ. ಟೆಸ್ಟ್ ಕಾರ್ಡ್ ಹಾಕಿದೆ. ಹಸಿರು ಟಿಕ್ ಬಂತು.

ಪಾವತಿ ಪುಟದಲ್ಲಿ ಒಂದು ರೂಪಾಯಿ ಅಂತ ತೋರಿಸ್ತಿತ್ತು. ನನ್ನ ಕಣ್ಣಿಗೆ ಬಿದ್ದಿತ್ತು. 'ಟೆಸ್ಟ್ ಮೋಡ್ ಅಲ್ವಾ, ಹಾಗೇ ಇರಬೇಕು' ಅಂದುಕೊಂಡು ಕಾಫಿಗೆ ಎದ್ದೆ.

ಹಲವು ಗೇಟ್‌ವೇಗಳು ಮೊತ್ತವನ್ನು ರೂಪಾಯಿಯಲ್ಲಿ ಕೇಳೋದಿಲ್ಲ, ಪೈಸೆಯಲ್ಲಿ ಕೇಳ್ತವೆ. ಸ್ಟ್ರೈಪ್ ಇರಲಿ, ರೇಜರ್‌ಪೇ ಇರಲಿ, ಆಯಾ ಕರೆನ್ಸಿಯ ಅತಿ ಚಿಕ್ಕ ಘಟಕದಲ್ಲೇ ಹೇಳಬೇಕು ಅನ್ನೋದು ಅವುಗಳ ಡಾಕ್ಯುಮೆಂಟೇಶನ್‌ನಲ್ಲೇ ಇದೆ. ಅದಕ್ಕೆ ಕಾರಣವೂ ಇದೆ. ಕಂಪ್ಯೂಟರಿಗೆ ದಶಮಾಂಶದ ಲೆಕ್ಕ ಅಷ್ಟು ಒಗ್ಗಲ್ಲ. ಪೈಥಾನ್‌ನಲ್ಲಿ 19.99 ಅನ್ನು 100ರಿಂದ ಗುಣಿಸಿದರೆ 1999 ಬರಲ್ಲ, 1998.9999999999998 ಬರುತ್ತೆ. ಪೂರ್ಣಾಂಕವಾದರೆ ಈ ತಕರಾರಿಲ್ಲ. ಜಪಾನಿನ ಯೆನ್‌ಗೆ ಚಿಲ್ಲರೆಯೇ ಇಲ್ಲ, ಹಾಗಾಗಿ ಅಲ್ಲಿ 500 ಅಂದ್ರೆ 500 ಯೆನ್ನೇ. ನಮ್ಮಲ್ಲಿ 500 ಅಂದ್ರೆ ಐದು ರೂಪಾಯಿ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ಮುಗಿಯಿತು. ಅಂಗಡಿಯಲ್ಲಿ ಸತ್ತ ಪೈಸೆ ಕೋಡ್‌ನಲ್ಲಿ ಬದುಕಿದೆ.

ನಾನು 1850 ಅಂತ ಕಳಿಸಿದ್ದೆ. ಎಸ್‌ಡಿಕೆ ಒಂದು ಎರರ್ ಕೊಡಲಿಲ್ಲ. ಯಾಕೆ ಕೊಡಬೇಕು? ಅದರ ಪ್ರಕಾರ ಎಲ್ಲವೂ ಸರಿಯಾಗಿತ್ತು.

ಅಕ್ಕ ಭಾನುವಾರ ರಾತ್ರಿ ಎಲ್ಲ ಗ್ರೂಪಿಗೂ ಲಿಂಕ್ ಹಾಕಿದಳು, 'ನಮ್ಮ ತಮ್ಮ ಮಾಡಿದ್ದು' ಅಂತ ಬೇರೆ ಸೇರಿಸಿ. ಮರುದಿನವೇ ಹನ್ನೊಂದು ಆರ್ಡರ್. ನಾಲ್ಕು ಸೀರೆ ಕೊರಿಯರ್‌ಗೂ ಹೋದವು. ಬುಧವಾರ ದುಡ್ಡು ಬ್ಯಾಂಕಿಗೆ ಬಂದಾಗ ಫೋನ್ ಬಂತು.

"ಅಲ್ಲೋ, ಹನ್ನೊಂದು ಸೀರಿಗೆ ಇನ್ನೂರು ರೂಪಾಯಿನೂ ಬಂದಿಲ್ಲಲ್ಲೋ?"

ಬರಬೇಕಿದ್ದದ್ದು 20,350. ಲ್ಯಾಪ್‌ಟಾಪ್ ತೆರೆದ ಎರಡೇ ನಿಮಿಷದಲ್ಲಿ ಗೊತ್ತಾಯ್ತು. ಕೊಂಡವರಲ್ಲಿ ಕೆಲವರು ಹಬ್ಬದ ಆಫರ್ ಅಂದುಕೊಂಡಿದ್ದರಂತೆ, ಒಬ್ಬರು ಅಡ್ವಾನ್ಸ್ ಅಂದುಕೊಂಡಿದ್ದರು. ಅಕ್ಕ ಒಬ್ಬೊಬ್ಬರಿಗೂ ಫೋನ್ ಮಾಡಿ, ನಾಚಿಕೆ ಬಿಟ್ಟು ವಿಷಯ ಹೇಳಿದಳು. ಒಂಬತ್ತು ಜನ ಉಳಿದ ದುಡ್ಡು ಕಳಿಸಿದರು. ಸೀರೆ ಆಗಲೇ ಕೈಸೇರಿದ್ದ ಇಬ್ಬರಲ್ಲಿ ಒಬ್ಬರು ಫೋನ್ ಎತ್ತಲಿಲ್ಲ, ಇನ್ನೊಬ್ಬರು "ರೇಟ್ ಹಾಕಿದವರು ನೀವಲ್ರೀ" ಅಂದರು. ತಪ್ಪೇನೂ ಅಲ್ಲ ಅವರ ಮಾತು.

ಆ ಎರಡು ಸೀರೆಯ ಬಾಕಿ 3,663 ರೂಪಾಯಿ ನಾನು ಕೊಡ್ತೀನಿ ಅಂದೆ. ಟೆಸ್ಟ್ ಮಾಡುವಾಗ ಒಂದು ರೂಪಾಯಿ ಅಂತ ಕಂಡಿತ್ತು ಅನ್ನೋದನ್ನೂ ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ರೊಕ್ಕ ಇರಲಿ. ಕಂಡಿತ್ತು ಅಂದ್ರ ಆವಾಗ ಯಾಕ ನಿಂದ್ರಲಿಲ್ಲೋ?"

ಉತ್ತರ ಇರಲಿಲ್ಲ. ಇದ್ದಿದ್ದು ಇಷ್ಟೇ: ಹಸಿರು ಟಿಕ್ ನೋಡಿದ ಮೇಲೆ ನನಗೆ ಬೇರೇನೂ ನೋಡೋಕೆ ಇಷ್ಟ ಇರಲಿಲ್ಲ.

ಸರಿಪಡಿಸೋಕೆ ಹೆಚ್ಚು ಹೊತ್ತು ಹಿಡೀಲಿಲ್ಲ. ಬೆಲೆಯನ್ನೆಲ್ಲ ಪೈಸೆಯ ಪೂರ್ಣಾಂಕದಲ್ಲೇ ಇಟ್ಟೆ. ರೂಪಾಯಿ ಮಾಡಿ ತೋರಿಸೋಕೆ ಒಂದೇ ಒಂದು ಫಂಕ್ಷನ್. ದುಡ್ಡು ಬಂತು ಅಂತ ಗೇಟ್‌ವೇ ಹೇಳಿದರೆ ಸಾಲದು, ಬಂದ ಮೊತ್ತ ಸೀರೆಯ ಬೆಲೆಗೆ ಸರಿಹೊಂದಿದರೆ ಮಾತ್ರ ಆರ್ಡರ್ ಮುಂದೆ ಹೋಗುತ್ತೆ. ಆಫೀಸಿನಲ್ಲೂ ಈಗ ಯಾರದ್ದೇ ಕೋಡ್ ರಿವ್ಯೂ ಮಾಡಲಿ, ಮೊದಲು ಕೇಳೋದು ಒಂದೇ: ಈ ಸಂಖ್ಯೆ ಯಾವ ಲೆಕ್ಕದಲ್ಲಿದೆ? ರೂಪಾಯಿಯೋ ಪೈಸೆಯೋ, ಸೆಕೆಂಡೋ ಮಿಲಿಸೆಕೆಂಡೋ? ಹುಡುಗರು ನಗ್ತಾರೆ, ನಗಲಿ.

ಅಕ್ಕ ಮಾತ್ರ ನನ್ನ ಟೆಸ್ಟ್‌ಗಳನ್ನು ಈಗಲೂ ನಂಬಲ್ಲ. ಹೊಸ ಸೀರೆ ಹಾಕಿದಾಗಲೆಲ್ಲ ತನ್ನ ಫೋನಿನಿಂದ ತಾನೇ ಮೊದಲ ಸೀರೆ ಕೊಳ್ತಾಳೆ. ಪಾವತಿ ಪುಟ ಬಂದ ಕೂಡಲೇ ನನಗೆ ಕಾಲ್ ಮಾಡಿ ಮೊತ್ತವನ್ನು ಗಟ್ಟಿಯಾಗಿ ಓದ್ತಾಳೆ, "ಒಂದು ಸಾವಿರದ ಎಂಟುನೂರಾ ಐವತ್ತು". ನಾನು ಹೂಂ ಅಂದ ಮೇಲೇ ಬೋಣಿ.