ನಡುವಿನ ಶನಿವಾರ

ಕೊಳ್ಳೇಗಾಲದ ಸೀಮೆ ಎಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವ ಚಿತ್ರಗಳು ಹಲವು. ಏಳು ಮಲೆಯ ಮಾದಪ್ಪ, ಚಿಕ್ಕಲ್ಲೂರಿನ ಸಿದ್ದಪ್ಪಾಜಿ, ಬಿಳಿಗಿರಿಯ ರಂಗನಾಥ. ದೇವರಗುಡ್ಡರ ಕಂಸಾಳೆ, ನೀಲಗಾರರ ತಂಬೂರಿ, ರೇಷ್ಮೆ ಸೀರೆಯ ಮಗ್ಗ. ಸಾಹಿತ್ಯದ ಅಭಿರುಚಿಯುಳ್ಳವರು ಯಳಂದೂರಿನ ಸಂಚಿಯ ಹೊನ್ನಮ್ಮನನ್ನೂ ನೆನೆಯುವರು. ಆದರೆ ಇದೇ ಸೀಮೆಯಲ್ಲಿ, ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯ ಆಸುಪಾಸಿನಲ್ಲಿಯೇ, ಚೈತ್ರದ ಬಿಸಿಲಿನಲ್ಲಿ ಶಿಲುಬೆಯನ್ನು ಹೊತ್ತು ನಡೆಯುವ ಊರುಗಳೂ ಇವೆಯೆಂಬುದು ಮೈಸೂರು ಬೆಂಗಳೂರುಗಳ ಎಷ್ಟು ಮನೆಗಳಿಗೆ ತಿಳಿದಿದೆ? ಹನೂರು, ಕೌದಳ್ಳಿಗಳನ್ನು ದಾಟಿ ಒಳಕ್ಕೆ ಹೋದರೆ ಸಿಗುವ ಮಾರ್ಟಳ್ಳಿ, ಸಂದನಪಾಳ್ಯಗಳು ಅಂತಹ ಊರುಗಳು. ಅಲ್ಲಿಯ ಬಹುಪಾಲು ಜನ ರೋಮನ್ ಕ್ಯಾಥೊಲಿಕ್ ಕ್ರೈಸ್ತರು. ಮನೆಯ ಮಾತು ಹೆಚ್ಚಾಗಿ ತಮಿಳು, ಶಾಲೆ ಕಚೇರಿಗಳ ಮಾತು ಕನ್ನಡ.

ಕನ್ನಡದ ವಿದ್ಯಾವಂತರಿಗೆ ಕ್ರೈಸ್ತಧರ್ಮದ ಪರಿಚಯವಾದದ್ದು ಬಹುಮಟ್ಟಿಗೆ ಬೇರೊಂದು ಬಾಗಿಲಿನಿಂದ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರಲ್ಲಿ ಲೂಥರನ ಪಂಥದಲ್ಲಿ ಬೆಳೆದ ಜರ್ಮನರು ಅನೇಕರಿದ್ದರು. 1894ರಲ್ಲಿ ಮಹಾನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟ್ಟೆಲರು ಅದಕ್ಕೂ ಬಹಳ ಹಿಂದೆಯೇ, 1862ರಲ್ಲಿ, ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿ 'ಕಥಾಮಾಲೆ'ಯೆಂದು ಪ್ರಕಟಿಸಿದ್ದರು. ಲೂಥರನ ಅನುಯಾಯಿಗಳಲ್ಲಿ ಈ ಋತುವಿನ ಜೀವಾಳ ಪ್ರಸಂಗ ಮತ್ತು ಸಂಗೀತ. ವಾಕ್ಯವನ್ನು ಕೇಳುವುದು, ಸಭೆಯೆಲ್ಲವೂ ಒಂದಾಗಿ ಹಾಡುವುದು. ಹನೂರಿನ ಕಡೆಯ ಕ್ಯಾಥೊಲಿಕರಲ್ಲಿ ಅದೇ ಕಥೆಯು ಬೂದಿಯಾಗಿ, ಗರಿಯಾಗಿ, ನೀರಾಗಿ, ಬೆಂಕಿಯಾಗಿ ಮೈಗೆ ತಾಗುವುದು. ದಾರಿಗಳು ಬೇರೆಯಾದರೂ ಎರಡು ಪಂಥಗಳ ಪಂಚಾಂಗವೂ ಒಂದೇ, ಕಾಯುವ ಭಾನುವಾರವೂ ಒಂದೇ.

ಆ ಭಾನುವಾರವನ್ನು ಗೊತ್ತುಮಾಡುವವನು ನಮ್ಮ ಯುಗಾದಿಯನ್ನು ಗೊತ್ತುಮಾಡುವ ಚಂದ್ರನೇ. ಎಲ್ಲೆಡೆಯೂ ಒಂದೇ ದಿನ ಹಬ್ಬ ನಡೆಯಬೇಕೆಂದು ಕ್ರಿ. ಶ. 325ರ ನೈಸೀಯದ ಮಹಾಸಭೆಯು ನಿರ್ಣಯಿಸಿತು. ಮಾರ್ಚ್ 21ರಂದು ಇಲ್ಲವೆ ಅದರ ಅನಂತರ ಬರುವ ಮೊದಲ ಹುಣ್ಣಿಮೆ. ಆ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಪಾಸ್ಖ ಹಬ್ಬ. ಹೀಗಾಗಿ ಅನೇಕ ವರ್ಷಗಳಲ್ಲಿ ಅಮಾವಾಸ್ಯೆಯ ಹೊತ್ತಿಗೆ ಮಾದಪ್ಪನ ಯುಗಾದಿ ಜಾತ್ರೆಯ ಪರಿಸೆ ಬೆಟ್ಟದ ದಾರಿಯಲ್ಲಿ ನಡೆದುಹೋಗುವುದು. ಅದೇ ಚಂದ್ರ ತುಂಬಿದ ಬಳಿಕ ಪಕ್ಕದ ಊರುಗಳಲ್ಲಿ ಶಿಲುಬೆಯ ಮೆರವಣಿಗೆ ಹೊರಡುವುದು. ಒಂದೇ ತಿಂಗಳಿನ ಕತ್ತಲೆಯ ಪಾಲು ಒಬ್ಬರಿಗೆ, ಬೆಳದಿಂಗಳ ಪಾಲು ಮತ್ತೊಬ್ಬರಿಗೆ.

ಹಬ್ಬಕ್ಕೆ ಮುಂಚೆ ನಲವತ್ತು ದಿನಗಳ ತಪಸ್ಸು ಕಾಲ. ನಡುವಿನ ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದುದರಿಂದ ಅದು ಆರಂಭವಾಗುವುದು ನಲವತ್ತಾರು ದಿನಗಳ ಹಿಂದಿನ ಬುಧವಾರ. ಕಳೆದ ವರ್ಷದ ಗರಿಗಳ ಭಾನುವಾರದಂದು ಕೈಯಲ್ಲಿ ಹಿಡಿದಿದ್ದ ಗರಿಗಳನ್ನೇ ಸುಟ್ಟು, ಆ ಬೂದಿಯನ್ನು ಹಣೆಗೆ ಹಚ್ಚುವರು. ಹೋದ ವರ್ಷದ ಜಯಘೋಷವು ಈ ವರ್ಷದ ಬೂದಿಯಾಗುವುದು! ಮನುಷ್ಯನ ಸಂಭ್ರಮಕ್ಕೆ ಇದಕ್ಕಿಂತ ಸರಳವಾದ ಭಾಷ್ಯ ಬೇಕೆ? ವಿಭೂತಿಯನ್ನು ಬಲ್ಲ ನಮ್ಮ ನಾಡಿನಲ್ಲಿ ಅದನ್ನು 'ವಿಭೂತಿ ಬುಧವಾರ'ವೆಂದು ಕರೆದಿರುವುದು ಸಹಜವಾಗಿಯೇ ಇದೆ. ಅಂದಿನಿಂದ ಮಾಂಸವನ್ನು ಬಿಡುವವರುಂಟು, ಬೀಡಿಯನ್ನು ಬಿಡುವವರುಂಟು. ಮದುವೆಯ ಮಾತನ್ನು ಮುಂದಕ್ಕೆ ಹಾಕುವುದುಂಟು. ಶುಕ್ರವಾರಗಳಲ್ಲಿ ಹದಿನಾಲ್ಕು ಸ್ಥಳಗಳ ಶಿಲುಬೆ ಹಾದಿ. ಒಂದೊಂದು ಸ್ಥಳದಲ್ಲಿಯೂ ಮಂಡಿಯೂರಿ, ಎದ್ದು, ಮುಂದಿನದಕ್ಕೆ ನಡೆಯುವುದು.

ಕೊನೆಯ ವಾರದಲ್ಲಿ ಎಲ್ಲವೂ ಬಿಗಿಯಾಗುವುದು. ಗರಿಗಳ ಭಾನುವಾರದಂದು ತೆಂಗಿನ ಎಳೆಯ ಗರಿಗಳನ್ನು ಹಿಡಿದ ಮಕ್ಕಳ ಮೆರವಣಿಗೆ. ಗುರುವಾರ ಸಂಜೆ ಗುರುಗಳು ನೆಲಕ್ಕೆ ಬಾಗಿ ಹನ್ನೆರಡು ಮಂದಿಯ ಕಾಲು ತೊಳೆಯುವರು. ಹೊಲದಲ್ಲಿ ನಡೆದು ಒಡೆದ ಹಿಮ್ಮಡಿಗಳು, ವರ್ಷವೆಲ್ಲ ಪೀಠದ ಮುಂದೆ ನಿಂತು ಪೂಜೆಯನ್ನರ್ಪಿಸಿದ ಕೈಗಳಲ್ಲಿ! ಆ ರಾತ್ರಿಯ ಪೂಜೆಯಲ್ಲಿ ಒಮ್ಮೆ ಮೊಳಗಿದ ಗಂಟೆ ಮತ್ತೆ ಶನಿವಾರ ರಾತ್ರಿಯವರೆಗೂ ಬಾಯಿ ತೆರೆಯುವುದಿಲ್ಲ. ಪೀಠದ ಮೇಲಿನ ಬಟ್ಟೆಗಳನ್ನೆಲ್ಲ ತೆಗೆದುಬಿಡುವರು. ಮರುದಿನ ಶುಭ ಶುಕ್ರವಾರ, ಮನೆಯ ಮಾತಿನಲ್ಲಿ 'ಪೆರಿಯ ವೆಳ್ಳಿ', ದೊಡ್ಡ ಶುಕ್ರವಾರ. ಅಂದು ಬಲಿಪೂಜೆಯಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಕ್ರಿಸ್ತನ ಯಾತನೆಯ ಕಥೆಯನ್ನು ಓದಿ, ಶಿಲುಬೆಗೆ ಮುತ್ತಿಟ್ಟು, ಜನ ಮೌನವಾಗಿ ಮನೆಗೆ ಮರಳುವರು. ಉಪವಾಸ ಮುರಿಯಲು ಗಂಜಿ.

ಅನಂತರ ಬರುವುದು ಶನಿವಾರ. ವರ್ಷದ ದಿನಗಳಲ್ಲೆಲ್ಲ ಅತ್ಯಂತ ವಿಚಿತ್ರವಾದ ದಿನವಿದು. ಪವಿತ್ರ ಪೆಟ್ಟಿಗೆಯ ಬಾಗಿಲು ತೆರೆದಿರುವುದು, ಒಳಗೆ ಏನೂ ಇಲ್ಲ. ದೀಪವಿಲ್ಲ, ಗಂಟೆಯಿಲ್ಲ, ಪೂಜೆಯಿಲ್ಲ. ಸುವಾರ್ತೆಗಳೂ ಈ ದಿನದ ಬಗೆಗೆ ಬಹಳ ಕಡಮೆ ಮಾತನಾಡುತ್ತವೆ. ಸ್ತ್ರೀಯರು ಪರಿಮಳ ದ್ರವ್ಯಗಳನ್ನು ಸಿದ್ಧಪಡಿಸಿಕೊಂಡು ಸಬ್ಬತ್ತಿನ ದಿನ ಸುಮ್ಮನಿದ್ದರೆಂದು ಲೂಕನು ಹೇಳುವನು. ಸಮಾಧಿಗೆ ಮುದ್ರೆಯೊತ್ತಿ ಕಾವಲು ಹಾಕಿದರೆಂದು ಮತ್ತಾಯನು ಹೇಳುವನು. ಅಷ್ಟೆ. ಮನೆಯಲ್ಲಿ ಮಗುವೊಂದು "ಪಾಟೀ, ನಿನ್ನೆ ಸ್ವಾಮಿ ಸತ್ತುಹೋದರು, ನಾಳೆ ಎದ್ದುಬರುತ್ತಾರೆ, ಇವತ್ತು ಏನು?" ಎಂದು ಕೇಳಿದರೆ ಅಜ್ಜಿಯಾದರೂ ಏನು ಹೇಳಿಯಾಳು? "ಇವತ್ತು ಕಾಯಬೇಕು, ಕಣ್ಣೇ" ಎನ್ನಬಹುದು. ಅದಕ್ಕಿಂತ ಹೆಚ್ಚಿನ ಉತ್ತರ ದೇವತಾಶಾಸ್ತ್ರದಲ್ಲಿಯೂ ಇದ್ದಂತಿಲ್ಲ.

ಈ ಬರಿದಾದ ದಿನಕ್ಕೂ ಒಂದು ಇತಿಹಾಸವಿದೆ. ಹಬ್ಬದ ಜಾಗರಣೆಯ ಪೂಜೆಯನ್ನು ಹಲವು ಶತಮಾನಗಳ ಕಾಲ ಶನಿವಾರ ಬೆಳಗ್ಗೆಯೇ ನಡೆಸಿಬಿಡುತ್ತಿದ್ದರು. ಹಗಲಿನ ಬೆಳಕಿನಲ್ಲಿ ಕತ್ತಲೆಯನ್ನು ಗೆಲ್ಲುವ ದೀಪವನ್ನು ಹಚ್ಚುವುದು! ಹನ್ನೆರಡನೆಯ ಪಯಸ್ ಪೋಪರು 1955ರ ಕೊನೆಯಲ್ಲಿ ಇದನ್ನು ತಿದ್ದಿ ಆಜ್ಞೆ ಹೊರಡಿಸಿದರು. 1956ರ ಹಬ್ಬದಿಂದ ಜಾಗರಣೆ ರಾತ್ರಿಗೆ ಮರಳಿತು, ಶನಿವಾರದ ಹಗಲು ನಿಜವಾಗಿ ಬರಿದಾಯಿತು. ಅದೇ 1956ರ ನವೆಂಬರ್ 1ರಂದು, ಅದುವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು. ಊರು ಕದಲಲಿಲ್ಲ, ಗಡಿ ಕದಲಿತು. ಮುಂದೆ 1962ರಿಂದ 1965ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ಫಲವಾಗಿ ಲ್ಯಾಟಿನ್ನಿನ ಪೂಜೆ ಜನರ ನುಡಿಗೆ ಇಳಿಯಿತು. 1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಯಿತು. ಹನೂರು ಈಗ ತಾನೇ ಒಂದು ತಾಲ್ಲೂಕು. ರಾಜ್ಯ, ಜಿಲ್ಲೆ, ತಾಲ್ಲೂಕು, ಪೂಜೆಯ ಭಾಷೆ ಎಲ್ಲವೂ ಬದಲಾದುವು. ಶುಕ್ರವಾರ, ಶನಿವಾರ, ಭಾನುವಾರಗಳ ಅನುಕ್ರಮ ಬದಲಾಗಲಿಲ್ಲ.

ಆದರೆ ಒಂದು ವರ್ಷ ಆ ಅನುಕ್ರಮವೇ ಮುರಿದಂತಾಯಿತು. 1993ರಲ್ಲಿ ಚೈತ್ರದ ಹುಣ್ಣಿಮೆ ಬಂದದ್ದು ಏಪ್ರಿಲ್ 6ರಂದು. ಹಬ್ಬ 11ರ ಭಾನುವಾರ; ಶುಭ ಶುಕ್ರವಾರ 9ರಂದು. ಆ ಶುಕ್ರವಾರದ ದಿನವೇ ಮಲೆ ಮಹದೇಶ್ವರ ಬೆಟ್ಟದ ಆಚೆ, ತಮಿಳುನಾಡಿನ ಗಡಿಯಂಚಿನ ಪಾಲಾರ್ ಬಳಿ, ವೀರಪ್ಪನ್ ತಂಡ ಹುಗಿದಿಟ್ಟಿದ್ದ ನೆಲಬಾಂಬುಗಳು ಸಿಡಿದುವು. ಅವನನ್ನು ಅರಸಿ ಹೊರಟಿದ್ದ ಪೊಲೀಸರು, ಅರಣ್ಯ ಸಿಬ್ಬಂದಿ, ಅವರ ಜೊತೆಗಿದ್ದ ಇತರರು ಸೇರಿ 22 ಮಂದಿ ಮಡಿದರು. ಒಬ್ಬನ ಮರಣವನ್ನು ನೆನೆದು ಊರುಗಳು ಮೌನವಾಗಿದ್ದ ದಿನ, ಕೆಲವೇ ಹರದಾರಿಗಳ ಆಚೆ ಇಪ್ಪತ್ತೆರಡು ಮನೆಗಳ ದೀಪ ಆರಿತು.

ಅನಂತರದ ಕಥೆ ಈ ಊರುಗಳ ಬಾಗಿಲಿಗೇ ಬಂತು. ಕಾಡಿನವನಿಗೆ ಅನ್ನ ನೀರು ಕೊಟ್ಟರೆ ಪೊಲೀಸರ ಭಯ; ಪೊಲೀಸರಿಗೆ ಸುದ್ದಿ ಕೊಟ್ಟರೆ ಕಾಡಿನವನ ಭಯ. ಮಾರ್ಟಳ್ಳಿಯ ಸುತ್ತಿನ ಅನೇಕರು ಬಂಧನಕ್ಕೊಳಗಾದರು. ವೀರಪ್ಪನ್‌ಗೆ ಸಂಬಂಧಿಸಿದ ಮೊಕದ್ದಮೆಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಮೈಸೂರಿನ ಟಾಡಾ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಿಚಾರಣೆಯನ್ನೆದುರಿಸಿದರು. 2001ರಲ್ಲಿ ತೀರ್ಪು ಬಂದಾಗ ಶಿಕ್ಷೆಯಾದದ್ದು ಏಳು ಮಂದಿಗೆ. ಮೇಲ್ಮನವಿಯಲ್ಲಿ, 2004ರ ಜನವರಿಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಅವರಲ್ಲಿ ನಾಲ್ವರ ಜೀವಾವಧಿಯನ್ನು ಮರಣದಂಡನೆಗೆ ಏರಿಸಿತು. ಅದೇ ವರ್ಷದ ಅಕ್ಟೋಬರ್ 18ರಂದು ವೀರಪ್ಪನ್ ಹತನಾದನು. ಕಾರ್ಯಾಚರಣೆಯ ಕಾಲದಲ್ಲಿ ನಡೆದ ಅತಿರೇಕಗಳ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವನ್ನು ಸೂಚಿಸಿತು. ಆ ನಾಲ್ವರ ಕ್ಷಮಾದಾನದ ಅರ್ಜಿಯಾದರೋ ಒಂಬತ್ತು ವರ್ಷ ಹಾಗೆಯೇ ಕುಳಿತಿದ್ದು, 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಸರ್ವೋಚ್ಚ ನ್ಯಾಯಾಲಯವು, ಇಷ್ಟು ಕಾಲ ಸಾವಿನ ನೆರಳಿನಲ್ಲಿ ಕಾಯಿಸಿದ್ದೇ ಅನ್ಯಾಯವೆಂಬ ಕಾರಣದಿಂದ, ದೇಶದ ಇತರ ಹನ್ನೊಂದು ಮಂದಿಯ ಜೊತೆಗೆ ಅವರ ಮರಣದಂಡನೆಯನ್ನೂ ಜೀವಾವಧಿಗೆ ಇಳಿಸಿತು.

ಇಲ್ಲಿ ಅಪರಾಧ ಯಾರದು, ಎಷ್ಟು ಎಂಬ ತೂಕ ನ್ಯಾಯಾಲಯದ್ದು. ಆ ತಕ್ಕಡಿಗೆ ಇನ್ನೊಬ್ಬರು ಕೈಹಚ್ಚಬೇಕಾದುದಿಲ್ಲ. ನೋಡಬೇಕಾದುದು ಕಾಯುವಿಕೆಯನ್ನು. ಶುಕ್ರವಾರದಂದು ಗಂಡನನ್ನೋ ಮಗನನ್ನೋ ಕಳೆದುಕೊಂಡ ಪೊಲೀಸರ ಮನೆಗಳಲ್ಲಿ ಹೆಂಗಸರು ಕಾದರು, ನ್ಯಾಯಕ್ಕಾಗಿ. ಸೆರೆಮನೆ ಸೇರಿದವರ ಮನೆಗಳಲ್ಲಿಯೂ ಹೆಂಗಸರು ಕಾದರು. ಒಂದು ಕಾಗದಕ್ಕಾಗಿ, ಒಂದು ಭೇಟಿಗಾಗಿ, ಒಂದು ತೀರ್ಪಿಗಾಗಿ. ಇವರ ಕಾಯುವಿಕೆ ಮುಗಿಯಿತೆಂದರೆ ಅವರ ಗಾಯ ಕೆರಳೀತು. ಅವರಿಗೆ ಸಮಾಧಾನವಾಯಿತೆಂದರೆ ಇವರ ಮನೆ ಕುಸಿದೀತು. ಎರಡು ಕಡೆಯವರಿಗೂ ಶುಕ್ರವಾರ ಕಳೆದಿತ್ತು, ಭಾನುವಾರ ಬಂದಿರಲಿಲ್ಲ. ಇಪ್ಪತ್ತೊಂದು ವರ್ಷಗಳಷ್ಟು ಉದ್ದವಾದ ಒಂದು ಶನಿವಾರ ಅದು.

ಧರ್ಮದ ಉಪಯೋಗವೇನೆಂದು ಕೇಳುವವರು ಸಾಮಾನ್ಯವಾಗಿ ಶುಕ್ರವಾರದ ಕಣ್ಣೀರನ್ನೋ ಭಾನುವಾರದ ಹರ್ಷವನ್ನೋ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅಳುವುದನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ, ನಗುವುದನ್ನೂ ಕಲಿಸಬೇಕಾಗಿಲ್ಲ. ಕಲಿಸಬೇಕಾದುದು ಇವೆರಡರ ನಡುವೆ, ಏನೂ ನಡೆಯದ ದಿನವೊಂದನ್ನು ಹೇಗೆ ಕಳೆಯಬೇಕೆಂಬುದನ್ನು. ಪ್ರತಿವರ್ಷ ಒಂದು ದಿನ, ಬರಿಯ ಪೀಠವನ್ನು ನೋಡುತ್ತ, ಮೂಕವಾದ ಗಂಟೆಯ ಕೆಳಗೆ ಓಡಾಡುತ್ತ, ಹಬ್ಬದ ಅಡಿಗೆಗೆ ಅಕ್ಕಿಯನ್ನು ಆರಿಸುತ್ತ ಆ ಊರುಗಳ ಹೆಂಗಸರು ಮಾಡುವುದು ಇದೇ ಅಭ್ಯಾಸವನ್ನು. ಲೂಕನು ಹೇಳುವ ಸ್ತ್ರೀಯರು ಪರಿಮಳ ದ್ರವ್ಯವನ್ನು ಸಿದ್ಧಪಡಿಸಿದ್ದು ಶವಕ್ಕಾಗಿ. ಭಾನುವಾರ ಏನಾಗುವುದೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯದಿದ್ದರೂ ಕೈಗಳು ಕೆಲಸವನ್ನು ಬಿಡಲಿಲ್ಲ. ಶಿವರಾತ್ರಿಯ ಜಾಗರಣೆಯನ್ನು ಬಲ್ಲ ನೆರೆಯ ಮಾದಪ್ಪನ ಒಕ್ಕಲಿಗೂ ಇದು ಅರ್ಥವಾಗದ ಮಾತಲ್ಲ. ನಿದ್ದೆಗೆಟ್ಟು ಕಾಯುವವನಿಗೇ ಬೆಳಗಿನ ಬೆಲೆ ಗೊತ್ತು.

ಶನಿವಾರ ಕತ್ತಲಾದ ಮೇಲೆ ಚರ್ಚಿನ ದೀಪಗಳನ್ನೆಲ್ಲ ಆರಿಸಿ ಜನ ಅಂಗಳದಲ್ಲಿ ಸೇರುವರು. ಹೊಸ ಬೆಂಕಿಯನ್ನು ಹೊತ್ತಿಸಿ, ಅದರಿಂದ ದೊಡ್ಡ ಪಾಸ್ಖ ಬತ್ತಿಯನ್ನು ಹಚ್ಚುವರು. ಬತ್ತಿಯ ಮೈಮೇಲೆ ಆ ವರ್ಷದ ನಾಲ್ಕು ಅಂಕಿಗಳನ್ನು ಕೊರೆದಿರುತ್ತದೆ. ಕತ್ತಲೆ ತುಂಬಿದ ಒಳಾಂಗಣಕ್ಕೆ ಆ ಒಂದೇ ಜ್ವಾಲೆ ಮೊದಲು ಹೋಗುವುದು. ಅದರಿಂದ ಒಬ್ಬನ ಬತ್ತಿ, ಅವನಿಂದ ಪಕ್ಕದವಳದು, ಅವಳಿಂದ ಮಗುವಿನದು. ಯಾರ ಮನೆಯವರು ಸೆರೆಯಲ್ಲಿದ್ದರು, ಯಾರು ಯಾರ ಮೇಲೆ ಸಾಕ್ಷಿ ಹೇಳಿದರು ಎಂದು ಬೆಂಕಿ ಕೇಳುವುದಿಲ್ಲ. ಪಕ್ಕದಲ್ಲಿ ಚಾಚಿದ ಬತ್ತಿಗೆ ಬಾಗಿದರೆ ಸಾಕು, ಹೊತ್ತಿಕೊಳ್ಳುವುದು. ಪೂಜೆಯ ನಡುವೆ, ಗುರುವಾರದಿಂದ ಮೂಕವಾಗಿದ್ದ ಗಂಟೆ ಒಮ್ಮೆಲೇ ಮೊಳಗುವುದು.

1993ರ ಏಪ್ರಿಲ್ 10ರ ರಾತ್ರಿಯೂ ಪಂಚಾಂಗವು ಇದೇ ದೀಪವನ್ನು ವಿಧಿಸಿತ್ತು. ಆಮೇಲಿನ ಒಂದೊಂದು ವರ್ಷವೂ ವಿಧಿಸಿತು. ತೀರ್ಪು ಬಂದಿತೇ ಇಲ್ಲವೇ, ಮಗ ಮರಳಿದನೇ ಇಲ್ಲವೇ ಎಂದು ಹಬ್ಬ ಕಾಯಲಿಲ್ಲ. ಮನೆಯಲ್ಲಿ ಶನಿವಾರ ಮುಗಿಯದೆ ಇರುವಾಗಲೇ ಎದ್ದು ಭಾನುವಾರದ ದೀಪವನ್ನು ಕೈಯಲ್ಲಿ ಹಿಡಿಯುವುದು ಸುಲಭವಾದ ಕೆಲಸವಲ್ಲ. ಆ ಊರುಗಳ ಜನ ಬತ್ತಿಯ ಬುಡವನ್ನು ಅಂಗೈಯಿಂದ ಮರೆಮಾಡಿ, ಬೆಟ್ಟದ ಗಾಳಿಗೆ ಆರದಂತೆ ಅದನ್ನು ಮನೆಯವರೆಗೂ ನಡೆಸಿಕೊಂಡು ಹೋಗುವುದನ್ನು ಬಲ್ಲರು.