ಶಕ್ತಿತಸ್ತ್ಯಾಗ: ಒಬ್ಬ ರೋಗಿಯ ಅನುಭವ

ನಮ್ಮ ಆಚಾರ್ಯರು ಬಾಹ್ಯ ತಪಸ್ಸನ್ನು ಆರು ಬಗೆಯಾಗಿ ವಿವರಿಸಿದ್ದಾರೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬ ಈ ಆರರಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು. ಜೈನ ಮನೆತನದಲ್ಲಿ ಹುಟ್ಟಿದವರಿಗೆ ಇವು ಕೇವಲ ಗ್ರಂಥದ ಮಾತುಗಳಲ್ಲ, ಅಡುಗೆಮನೆಯ ನಿತ್ಯ ವ್ಯವಹಾರ. ನನ್ನ ತಾಯಿಯವರು ಅಷ್ಟಮಿ, ಚತುರ್ದಶಿಗಳಂದು ಏಕಾಶನವನ್ನು ತಪ್ಪಿಸಿದವರಲ್ಲ. ಅಂತಹ ಮನೆಯಲ್ಲಿ ಬೆಳೆದ ನನಗೆ ಉಪವಾಸ ಮಾಡಲಾಗದ, ಉಪ್ಪನ್ನು ಬಿಡಲಾಗದ ರೋಗವೊಂದು ಬಂದಿತು. ಅದರಿಂದ ಕಲಿತುದನ್ನು ಸಾಧರ್ಮಿಕ ಬಂಧುಗಳ ಮುಂದೆ ನಿವೇದಿಸಿಕೊಳ್ಳುವುದು ಈ ಲೇಖನದ ಉದ್ದೇಶ.

2012ರ ಕೊನೆಯ ವೇಳೆಗೆ ನನ್ನ ಶರೀರ ಕ್ಷೀಣಿಸತೊಡಗಿತ್ತು. ತೂಕ ಇಳಿಯಿತು. ಅಂಗಡಿಯ ಗಾದಿಯಿಂದ ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಅಂಗೈಯ ಗೆರೆಗಳೂ ಒಸಡುಗಳೂ ಕಪ್ಪಾದವು. ಇವೆಲ್ಲಕ್ಕಿಂತ ನನ್ನನ್ನು ನಾಚಿಸಿದ್ದು ಉಪ್ಪಿನ ಮೇಲೆ ಹುಟ್ಟಿದ ಆಸೆ. ಮಜ್ಜಿಗೆಗೆ ಒಂದು ಚಿಟಿಕೆ ಹಾಕಿಕೊಳ್ಳುತ್ತಿದ್ದವನು ಚಮಚವನ್ನೇ ಹುಡುಕತೊಡಗಿದೆ. ಇಷ್ಟು ವರ್ಷಗಳ ಸ್ವಾಧ್ಯಾಯದ ನಂತರವೂ ರಸನೇಂದ್ರಿಯವನ್ನು ಗೆಲ್ಲಲಾಗಲಿಲ್ಲವಲ್ಲ ಎಂದು ನನ್ನನ್ನೇ ಹಳಿದುಕೊಂಡೆ. 2013ರ ಫಾಲ್ಗುಣ ಮಾಸದ ಅಷ್ಟಾಹ್ನಿಕ ಪರ್ವ ಬಂದಾಗ ಎಂಟು ದಿನವೂ ಉಪ್ಪನ್ನು ತ್ಯಜಿಸುವುದಾಗಿ ಬಸದಿಯಲ್ಲಿ ನಿಯಮ ಸ್ವೀಕರಿಸಿದೆ. ಆರನೆಯ ದಿನ ಅಭಿಷೇಕದ ವೇಳೆಯಲ್ಲಿ ಕುಸಿದು ಬಿದ್ದೆ. ವಾಂತಿ ನಿಲ್ಲಲಿಲ್ಲ, ರಕ್ತದೊತ್ತಡ ಅಳತೆಗೂ ಸಿಗದಷ್ಟು ಇಳಿದಿತ್ತು. ರಕ್ತದಲ್ಲಿ ಸೋಡಿಯಂ ತೀರ ಕಡಿಮೆಯಾಗಿ, ಪೊಟ್ಯಾಷಿಯಂ ಏರಿತ್ತು. ಮುಂದಿನ ಪರೀಕ್ಷೆಗಳಿಂದ ಇದು ಅಡಿಸನ್ ರೋಗವೆಂದು ತಿಳಿದುಬಂದಿತು.

ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಇದನ್ನು 1855ರಲ್ಲಿ ವಿವರವಾಗಿ ದಾಖಲಿಸಿದರು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ನಾಶವಾಗುವುದೇ ಇದರ ಮೂಲ. ಶರೀರವೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವುದು ಒಂದು ಕಾರಣ. ನಮ್ಮ ದೇಶದಲ್ಲಿ ಕ್ಷಯವೂ ಮುಖ್ಯವಾದ ಕಾರಣ. ಯೂರೋಪಿನ ದೇಶಗಳಲ್ಲಿ ಹತ್ತು ಲಕ್ಷ ಜನರಲ್ಲಿ ಸುಮಾರು 100ರಿಂದ 140 ಮಂದಿಗೆ ಮಾತ್ರ ಇರುವ ವಿರಳ ರೋಗವಿದು. ಈ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಶರೀರವು ಹಸಿವು, ಜ್ವರ, ಶ್ರಮಗಳನ್ನು ತಾಳಿಕೊಳ್ಳಲು ಬೇಕು. ಆಲ್ಡೋಸ್ಟೆರೋನ್ ಲವಣವನ್ನು ಹಿಡಿದಿಡಲು ಬೇಕು. ಅದಿಲ್ಲದಿದ್ದರೆ ಉಂಡ ಉಪ್ಪು ಮೂತ್ರದಲ್ಲಿ ಹರಿದುಹೋಗುತ್ತದೆ. ನಾನು ನಾಲಗೆಯ ಚಪಲವೆಂದು ಭಾವಿಸಿದ್ದು ಶರೀರದ ಆರ್ತನಾದವಾಗಿತ್ತು. ತಪಸ್ಸೆಂದು ತಿಳಿದು ನಾನು ಅದರ ಬಾಯಿ ಮುಚ್ಚಿಸಿದ್ದೆ.

ಅಂದಿನಿಂದ ಹೈಡ್ರೋಕಾರ್ಟಿಸೋನ್ ಮಾತ್ರೆಯನ್ನು ದಿನಕ್ಕೆ ಮೂರು ಸಲ, ಫ್ಲೂಡ್ರೋಕಾರ್ಟಿಸೋನನ್ನು ಒಮ್ಮೆ ಸೇವಿಸುತ್ತಿದ್ದೇನೆ. ಇದು ಜೀವನಪರ್ಯಂತದ ಚಿಕಿತ್ಸೆ, ಒಂದು ದಿನವೂ ನಿಲ್ಲಿಸುವಂತಿಲ್ಲ. ಜ್ವರ ಬಂದರೆ ಪ್ರಮಾಣವನ್ನು ಇಮ್ಮಡಿಯೋ ಮುಮ್ಮಡಿಯೋ ಮಾಡಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕೂಡಲೇ ಚುಚ್ಚುಮದ್ದು ಬೇಕು.

ಇಷ್ಟೆಲ್ಲ ತಿಳಿದ ಮೇಲೂ ನಾನು ಎರಡನೆಯ ತಪ್ಪನ್ನು ಮಾಡಿದೆ. ರೋಗಕ್ಕೆ ಮೊದಲು ಅನೇಕ ವರ್ಷ ಅನಂತ ಚತುರ್ದಶಿಯಂದು ನಿರ್ಜಲ ಉಪವಾಸ ಮಾಡಿದವನು ನಾನು. ಬಸದಿಯಲ್ಲಿ ಉಪವಾಸಿಗಳ ಹೆಸರನ್ನು ಓದುವಾಗ ನನ್ನ ಹೆಸರಿಲ್ಲದ್ದು ಮನಸ್ಸಿಗೆ ಮುಳ್ಳಾಗಿತ್ತು. 2016ರ ದಶಲಕ್ಷಣ ಪರ್ವದ ಕೊನೆಯ ದಿನ ಯಾರಿಗೂ ಹೇಳದೆ ಅನ್ನ, ನೀರುಗಳನ್ನು ಬಿಟ್ಟು, ಮಧ್ಯಾಹ್ನದ ಮತ್ತು ಸಂಜೆಯ ಮಾತ್ರೆಗಳನ್ನೂ ಬಿಟ್ಟೆ. ರಾತ್ರಿ ಪ್ರಜ್ಞೆ ಮಸುಕಾಯಿತು. ಅಂದು ಸ್ವತಃ ಉಪವಾಸದಲ್ಲಿದ್ದ ನನ್ನ ಧರ್ಮಪತ್ನಿ, ವೈದ್ಯರು ಬರೆದುಕೊಟ್ಟ ಚೀಟಿಯನ್ನು ನೋಡಿಕೊಂಡು ನಡುಗುವ ಕೈಯಿಂದ ನನಗೆ ಚುಚ್ಚುಮದ್ದು ಕೊಟ್ಟಳು. ಇಡೀ ರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ ಕುಳಿತಳು. ಮರುದಿನ ಅವಳ ಪಾರಣೆಯಾದಾಗ ಮಧ್ಯಾಹ್ನ ಕಳೆದಿತ್ತು. ಅವಳು ನನ್ನನ್ನು ಒಂದು ಮಾತೂ ಆಡಲಿಲ್ಲ. ಆ ಮೌನದಲ್ಲಿ ನನಗೆ ನನ್ನ ಉಪವಾಸದ ಬೆಲೆ ತಿಳಿಯಿತು. ಪ್ರಮಾದಯುಕ್ತವಾಗಿ ಪ್ರಾಣಕ್ಕೆ ಧಕ್ಕೆ ತರುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ಅಂದು ನಾನು ಆಚರಿಸಿದ್ದು ಉತ್ತಮ ಬ್ರಹ್ಮಚರ್ಯದ ದಿನವನ್ನಲ್ಲ, ಮಾನಕಷಾಯವನ್ನು.

ಚೇತರಿಸಿಕೊಂಡ ದಿನಗಳಲ್ಲಿ ಸಮಂತಭದ್ರಾಚಾರ್ಯರ ಚರಿತೆ ಮತ್ತೆ ಮತ್ತೆ ನೆನಪಾಯಿತು. ಎಷ್ಟು ಉಂಡರೂ ಹಸಿವು ಅಡಗದ ಭಸ್ಮಕವ್ಯಾಧಿ ಅವರನ್ನು ಬಾಧಿಸಿತೆಂದೂ, ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿ, ಮುನಿವೇಷವನ್ನು ಬಿಟ್ಟಾದರೂ ಆಹಾರದಿಂದ ರೋಗವನ್ನು ಶಮನಗೊಳಿಸಿಕೊಂಡು ಮತ್ತೆ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರೆಂದೂ ಪರಂಪರೆ ಹೇಳುತ್ತದೆ. ಶ್ರವಣಬೆಳಗೊಳದ 12ನೇ ಶತಮಾನದ ಮಲ್ಲಿಷೇಣ ಪ್ರಶಸ್ತಿಯೂ ಅವರ ಭಸ್ಮಕವ್ಯಾಧಿಯನ್ನು ಸ್ಮರಿಸುತ್ತದೆ. ಅಂತಹ ಮಹಾತ್ಮರಿಗೇ ಗುರುವಾಕ್ಯವು ಉಣ್ಣಬೇಕೆಂದಿದ್ದರೆ, ಸಾಮಾನ್ಯ ಶ್ರಾವಕನಾದ ನನ್ನ ಹಟಕ್ಕೆ ಏನು ಅರ್ಥ? ರತ್ನಕರಂಡಕ ಶ್ರಾವಕಾಚಾರದಲ್ಲಿ ಅದೇ ಆಚಾರ್ಯರು ಸಲ್ಲೇಖನದ ಸಂದರ್ಭಗಳನ್ನು ಹೇಳುವಾಗ ಪ್ರತೀಕಾರವಿಲ್ಲದ ರೋಗವನ್ನಷ್ಟೇ ಎಣಿಸಿದ್ದಾರೆ. ನನ್ನ ರೋಗಕ್ಕೆ ಪ್ರತೀಕಾರವಿದೆ, ಅದು ಅಂಗೈಯಲ್ಲಿ ಹಿಡಿಸುವ ಒಂದು ಸಣ್ಣ ಮಾತ್ರೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿಯೂ ತ್ಯಾಗ, ತಪಗಳಿಗೆ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಗೆ ತಕ್ಕಂತೆ ಎಂದು ಅದರ ಅರ್ಥ. ಶಕ್ತಿಯನ್ನು ಮುಚ್ಚಿಡಬಾರದು, ಮೀರಲೂ ಬಾರದು. ವ್ಯಾಪಾರಿಯಾಗಿ ಹೇಳುವುದಾದರೆ, ಬಂಡವಾಳವನ್ನೇ ಒಡೆದು ಲಾಭವೆಂದು ಹಂಚುವ ಪೇಢಿ ಹೆಚ್ಚು ದಿನ ಬಾಳದು.

ಈಗಿನ ನನ್ನ ಆಹಾರಕ್ರಮವನ್ನು ಸಂಕ್ಷೇಪವಾಗಿ ತಿಳಿಸುತ್ತೇನೆ. ಎದ್ದ ಕೂಡಲೇ ದೇವದರ್ಶನಕ್ಕೆ ಮೊದಲೇ ಮೊದಲ ಮಾತ್ರೆ. ಈ ಒಂದು ಲೋಪವನ್ನು ಒಪ್ಪಿಕೊಂಡು ಪಂಚನಮಸ್ಕಾರ ಮಂತ್ರವನ್ನು ಸ್ಮರಿಸಿ ನುಂಗುತ್ತೇನೆ. ಎರಡನೆಯದು ಮಧ್ಯಾಹ್ನ, ಮೂರನೆಯದು ಸಂಜೆ ನಾಲ್ಕೂವರೆಗೆ. ತಡವಾದರೆ ನಿದ್ರೆ ಕೆಡುತ್ತದೆಂದು ವೈದ್ಯಶಾಸ್ತ್ರವೇ ಹಾಗೆ ವಿಧಿಸುವುದರಿಂದ ಸಾಮಾನ್ಯ ದಿನಗಳಲ್ಲಿ ನನ್ನ ರಾತ್ರಿಭೋಜನ ತ್ಯಾಗಕ್ಕೆ ಭಂಗವಿಲ್ಲ. ಕಂದಮೂಲಗಳನ್ನು ಬಿಟ್ಟಿದ್ದರಿಂದ ಏನೂ ಕೊರತೆಯಾಗಿಲ್ಲ. ಬೇಳೆ, ಹೆಸರುಕಾಳು, ಹಾಲು, ಮೊಸರುಗಳಿಂದ ಪೋಷಣೆ ದೊರೆಯುತ್ತದೆ. ಈ ಔಷಧಿಗಳಿಂದ ಮೂಳೆ ಸವೆಯುವ ಸಂಭವವಿರುವುದರಿಂದ ಹಾಲು, ರಾಗಿಗಳನ್ನು ತಪ್ಪಿಸುವುದಿಲ್ಲ. ಡಿ ಜೀವಸತ್ವವನ್ನು ಜಿಲೆಟಿನ್ ಕ್ಯಾಪ್ಸೂಲಿನ ಬದಲು ಪುಡಿಯ ರೂಪದಲ್ಲಿ ಕೇಳಿ ಪಡೆಯುತ್ತೇನೆ. ಬೇಸಿಗೆಯಲ್ಲಿ ಬೆವರು ಹೆಚ್ಚಾದಾಗ ಉಪ್ಪು ಹಾಕಿದ ಮಜ್ಜಿಗೆ ಹೆಚ್ಚಾಗಿ ಬೇಕು. ದಣಿದವರಿಗೆ ಎಲ್ಲರೂ ಎಳನೀರು ಕೊಡುವುದುಂಟು. ಆದರೆ ಅದರಲ್ಲಿ ಪೊಟ್ಯಾಷಿಯಂ ಅಧಿಕ, ಸೋಡಿಯಂ ಅಲ್ಪ. ಆದ್ದರಿಂದ ನನಗೆ ಅದು ಮಜ್ಜಿಗೆಯ ಸ್ಥಾನವನ್ನು ತುಂಬದು. ಇವು ನನ್ನ ಶರೀರಕ್ಕೆ ಹೊಂದಿದ ಕ್ರಮ. ಇತರರು ತಮ್ಮ ವೈದ್ಯರನ್ನೇ ಕೇಳಬೇಕು.

ಹಾಗಾದರೆ ಪರ್ವದಲ್ಲಿ ನನ್ನ ತ್ಯಾಗವೇನು? ಊಟದ ಪದಾರ್ಥಗಳನ್ನು ಐದಕ್ಕೆ ಮಿತಗೊಳಿಸುತ್ತೇನೆ. ಸಿಹಿಯನ್ನು ಬಿಡುತ್ತೇನೆ. ಬಡಿಸಿದ್ದನ್ನು ದೂಷಿಸದೆ ಮೌನದಿಂದ ಉಣ್ಣುತ್ತೇನೆ. ಉಳಿದಂತೆ ಸ್ವಾಧ್ಯಾಯ, ವೈಯಾವೃತ್ಯಗಳೆಂಬ ಅಂತರಂಗ ತಪಸ್ಸುಗಳು ಯಾವ ರೋಗಿಗೂ ನಿಷಿದ್ಧವಲ್ಲ. ಉಪವಾಸಿಗಳ ಪಾರಣೆಯ ದಿನ ಮುಂಜಾನೆ ಬಸದಿಗೆ ಹೋಗಿ ಅವರಿಗೆ ಹೆಸರುಬೇಳೆಯ ನೀರನ್ನು ಬಡಿಸುವ ಕೆಲಸ ಈಗ ನನ್ನದು.

ಬಸದಿಗಳ ವಿಶ್ವಸ್ತರಲ್ಲಿ ಒಂದು ವಿನಂತಿ. ಉಪವಾಸದ ನಿಯಮ ಕೊಡಿಸುವ ಮೊದಲು ನಿತ್ಯ ಔಷಧಿ ಸೇವಿಸುವವರನ್ನು ಪ್ರತ್ಯೇಕವಾಗಿ ಕರೆದು ವಿಚಾರಿಸಿರಿ. ಉಪವಾಸಿಗಳ ಅನುಮೋದನೆ ಪುಣ್ಯಕಾರ್ಯವೇ ಸರಿ, ಆದರೆ ಹೆಸರುಗಳ ಪಟ್ಟಿಯನ್ನು ಓದುವ ಪದ್ಧತಿಯನ್ನು ಪುನರಾಲೋಚಿಸಿರಿ. ಆ ಪಟ್ಟಿಯಲ್ಲಿ ಸೇರುವ ಆಸೆಯಿಂದ ಒಬ್ಬನಾದರೂ ಮಾತ್ರೆಯನ್ನು ಬಚ್ಚಿಟ್ಟರೆ, ಅದರಲ್ಲಿ ನಮ್ಮೆಲ್ಲರ ಪಾಲೂ ಇರುತ್ತದೆ.

ನನ್ನ ತಟ್ಟೆಯ ಮೂಲೆಯಲ್ಲಿ ಈಗ ದಿನವೂ ಸ್ವಲ್ಪ ಉಪ್ಪು ಇರುತ್ತದೆ. ಮೊದಲು ಅದನ್ನು ಕಂಡು ನಾಚುತ್ತಿದ್ದೆ. ಈಗ ಅದರಿಂದ ದೊರೆತ ಬಲದಲ್ಲಿ ಎರಡು ಘಳಿಗೆ ಸಾಮಾಯಿಕಕ್ಕೆ ಕುಳಿತುಕೊಳ್ಳುತ್ತೇನೆ.