ಕರಿಯ ಅರಿವೆಯ ಮೇಲೆ ಬಾನಹೂ

ಮನೆಯಲ್ಲಿ ಕೂಸು ಹುಟ್ಟಿತೆಂದರೆ ಅಜ್ಜಿಯಾದವಳು ಕುಂಚಿಗೆ ಹೊಲಿಯಲು ಕೂಡ್ರುವುದು ನಮ್ಮ ಉತ್ತರ ಕರ್ನಾಟಕದ ಹಳೆಯ ರೂಢಿ. ತಲೆಯನ್ನು ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಈ ಉಡುಪು ಕೂಸಿಗೆ ಚಳಿಯಲ್ಲಿ ಹೊದಿಕೆ, ಬಿಸಿಲಿನಲ್ಲಿ ನೆರಳು. ಈಗ ಸಿದ್ಧ ಟೊಪ್ಪಿಗೆಗಳು ಪೇಟೆಯಲ್ಲಿ ಬೇಕಾದಷ್ಟು ದೊರೆಯುತ್ತವೆ. ಆದರೂ ಕೈಯಿಂದ ಹೊಲಿದ ಕುಂಚಿಗೆಯಲ್ಲಿ ಕೂಸಿನ ಬಗೆಗೆ ಮನೆಯವರು ಮಾಡಿದ ವಿಚಾರವೆಲ್ಲ ಎಳೆಎಳೆಯಾಗಿ ಕೂಡಿರುತ್ತದೆ. ಯಾವ ಬಟ್ಟೆ, ಯಾವ ದಾರ, ಯಾವ ಹೊಲಿಗೆ ಎಂಬ ಸಣ್ಣ ಪ್ರಶ್ನೆಗಳ ಹಿಂದೆ ಎಂಥ ದೊಡ್ಡ ಮಾತು ಅಡಗಿರಬಹುದೆಂಬುದು ನನಗೆ ತಿಳಿದದ್ದು ಮೊದಲ ಮೊಮ್ಮಗಳು ಹುಟ್ಟಿದಾಗ.

ನಮ್ಮ ಮನೆ ಭಾಲ್ಕಿಯಲ್ಲಿ. ಸೊಸೆಯ ತವರು ಔರಾದ. ತೊಟ್ಟಿಲ ಕಾರ್ಯಕ್ಕೆಂದು ಔರಾದಕ್ಕೆ ಹೋದಾಗ ಕೂಸಿನ ತಲೆಯ ಅಳತೆ ತೆಗೆದುಕೊಂಡೆ. ಹೂವೂ ಹೌದು, ನಕ್ಷತ್ರವೂ ಹೌದು ಎನಿಸುವಂಥ ಬಾನಹೂಗಳನ್ನು ಕರಿಯ ಬಟ್ಟೆಯ ಮೇಲೆ ತೆಗೆಯಬೇಕೆಂದು ನನ್ನ ಆಸೆ. ಅದನ್ನು ಹೇಳಿದೊಡನೆ ಬೀಗತಿಯವರ ಮುಖ ಸಪ್ಪಗಾಯಿತು. “ಅಕ್ಕಾ, ಶುಭಕಾರ್ಯಕ್ಕ ಕರಿ ಅರಿವಿ ಯಾಕ್ರಿ? ಮೊದಲೇ ಕೂಸಿನ ಬಣ್ಣ ಕಪ್ಪದ. ತಿಳಿಗುಲಾಬಿ ತಗೋರಿ, ಮಾರಿಗಿ ಕಳಿ ಬರ್ತದ” ಎಂದರು. ಬದಿಯಲ್ಲಿದ್ದ ಹಿರಿಯರೊಬ್ಬರು, “ಇರಲಿ ಬಿಡವ್ವ, ಕರಿದಾದ್ರ ದೃಷ್ಟಿ ತಾಗಂಗಿಲ್ಲ” ಎಂದು ಸಮಾಧಾನ ಹೇಳಿದರು. ಇಬ್ಬರದೂ ಪ್ರೀತಿಯ ಮಾತೇ. ಆದರೆ ಬಾಣಂತಿಯಾದ ಸೊಸೆ ಕೂಸಿನ ಮೇಲೆ ಸೆರಗು ಎಳೆದು ತಲೆ ತಗ್ಗಿಸಿದ್ದನ್ನು ನಾನು ಕಂಡೆ. ಕಣ್ಣು ಸರಿಯಾಗಿ ಬಿಡದ ಕೂಸಿಗೆ ಆಗಲೇ ಬಣ್ಣದ ಲೆಕ್ಕ ಹಚ್ಚಿದ್ದೆವು!

ತಿಥಿ, ವಾರ, ಶಕುನಗಳ ಭಯವನ್ನು ಬಸವಾದಿ ಶರಣರು 12ನೆಯ ಶತಮಾನದಲ್ಲಿಯೇ ತೊಡೆದುಹಾಕಿದರು. ಹಾಗಿರುವಾಗ ಬಣ್ಣಕ್ಕೆ ಮಾತ್ರ ಮಂಗಳ, ಅಮಂಗಳ ಎಲ್ಲಿಂದ ಬಂದೀತು? ಆದರೆ ಬಾಣಂತಿಯ ಎದುರು ವಾದಕ್ಕೆ ಇಳಿಯುವುದು ಸಲ್ಲದೆಂದು ಸುಮ್ಮನಾದೆ. ಕೆಲವು ದಿನಗಳ ನಂತರ ದಾರ ಕೊಳ್ಳಲು ಬೀದರಕ್ಕೆ ಹೋಗುವಾಗ ಬೀಗತಿಯವರನ್ನೂ ಜೊತೆಗೆ ಬರಲು ಕೇಳಿಕೊಂಡೆ.

ದಾರದ ಅಂಗಡಿಗಿಂತ ಮೊದಲು ಚೌಬಾರಾದ ಆಸುಪಾಸಿನಲ್ಲಿ ಬಿದರಿ ಕೆಲಸ ನೋಡಿದೆವು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಹೂಬಳ್ಳಿ ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂಡಿಸುತ್ತಾರೆ. ಆಗ ಲೋಹವೂ ಬಿಳುಪು, ಬೆಳ್ಳಿಯೂ ಬಿಳುಪು. ಹೂವು ಎದ್ದು ಕಾಣುವುದಿಲ್ಲ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿನೀರಿನ ಸಂಸ್ಕಾರವಾದಾಗ ಲೋಹವೆಲ್ಲ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ನಮ್ಮ ಬೀದರದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಗೌರವ ಸಂದದ್ದು ಇದೇ ಕಲೆಗೆ. ಕೋಟೆಯ ಒಳಗಿನ ರಂಗೀನ್ ಮಹಲಿನಲ್ಲಿಯೂ ಹಾಗೆಯೇ. 16ನೆಯ ಶತಮಾನದಲ್ಲಿ ಅಲಿ ಬರೀದ್ ಷಾಹನ ಕಾಲಕ್ಕೆ ಮುತ್ತಿನ ಚಿಪ್ಪಿನ ಹೂಗಳನ್ನು ಕೂಡಿಸಲು ಕಲಾವಿದರು ಆರಿಸಿದ್ದು ನಯಗೊಳಿಸಿದ ಕರಿಯ ಕಲ್ಲನ್ನು. ಧಾರವಾಡದ ಕಡೆ ಮದುವಣಗಿತ್ತಿಗೆ ಕಸೂತಿ ಹಾಕಿದ ಕರಿಯ ಚಂದ್ರಕಾಳಿ ಸೀರೆ ಉಡಿಸುತ್ತಿದ್ದುದನ್ನು ಬೀಗತಿಯವರೇ ನೆನೆಸಿಕೊಂಡು, “ಖರೇ ಅದ ಅಕ್ಕಾ, ಮದುವಿಗಿಂತ ದೊಡ್ಡ ಶುಭಕಾರ್ಯ ಯಾವುದದ?” ಎಂದರು. ಮುಂದೆ ದಾರಗಳನ್ನು ಇಬ್ಬರೂ ಕೂಡಿಯೇ ಆರಿಸಿದೆವು.

ಕರಿಯ ಬಟ್ಟೆಗೆ ದಾರ ಆರಿಸುವಾಗ ಅಂಗಡಿಯ ದೀಪದ ಬೆಳಕನ್ನು ನಂಬಬಾರದು. ದಾರದ ಲಡಿಯನ್ನು ಬಟ್ಟೆಯ ಮೇಲಿಟ್ಟುಕೊಂಡು ಹೊಸ್ತಿಲಿಗೆ ಬಂದು ಹಗಲಿನ ಬೆಳಕಿನಲ್ಲಿ ನೋಡಬೇಕು. ಕಡುನೀಲಿ, ಕಡುಹಸಿರು ಕಪ್ಪಿನಲ್ಲಿ ಮುಳುಗಿಹೋಗುತ್ತವೆ. ಅಚ್ಚ ಬಿಳುಪು ಕಣ್ಣಿಗೆ ಚುಚ್ಚುತ್ತದೆ. ಅರಳುವ ಮಲ್ಲಿಗೆಯ ಕೆನೆಬಿಳುಪು ಹಿತ. ನಕ್ಷತ್ರದ ಎಸಳಿಗೆ ಅದನ್ನೇ ತೆಗೆದುಕೊಂಡೆವು. ನಡುವಿನ ಕೇಸರಕ್ಕೆ ಅರಿಷಿಣ, ಎಲೆಗೆ ಬಿಲ್ವದ ಎಳೆಹಸಿರು, ಅಂಚಿನ ಬಳ್ಳಿಗೆ ನಮ್ಮ ಕೆಂಪುಮಣ್ಣಿನ ದಾರಿಬದಿಗೆ ಬೆಳೆಯುವ ಎಕ್ಕೆ ಹೂವಿನ ತಿಳಿನೇರಳೆ. ಇಷ್ಟೇ ನಾಲ್ಕು ಬಣ್ಣ. ಐದನೆಯದಕ್ಕೆ ಕೈ ಹೋದಾಗ ಬೀಗತಿಯವರೇ ತಡೆದರು. ಔರಾದ ತಾಲೂಕಿನ ತಾಂಡಾಗಳಲ್ಲಿ ಲಂಬಾಣಿ ಸೋದರಿಯರು ಗಾಜಿನ ಬಿಲ್ಲೆ, ಕವಡೆ ಸೇರಿಸಿ ಮಾಡುವ ಹೊಲಿಗೆ ಬಲು ಚೆಂದ. ಆದರೆ ಕೂಸು ಬಾಯಿಗೆ ಒಯ್ಯುವ ಬಟ್ಟೆಗೆ ಬಿಲ್ಲೆಯೂ ಬೇಡ, ಜರಿಯೂ ಬೇಡ. ಮನೆಗೆ ಬಂದ ಮೇಲೆ ಪ್ರತಿಯೊಂದು ದಾರದ ತುಣುಕನ್ನು ಬಿಸಿನೀರಿನಲ್ಲಿ ನೆನೆಸಿ ಬಿಳಿಯ ಅರಿವೆಯ ಮೇಲೆ ಒತ್ತಿ ಬಣ್ಣ ಬಿಡುವುದೋ ಎಂದು ನೋಡಬೇಕು. ಕರಿಯ ಬಟ್ಟೆಯನ್ನೂ ಬಣ್ಣ ಬಿಡುವುದು ನಿಲ್ಲುವತನಕ ಒಗೆದಿಡಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಮಲ್ಲಿಗೆ ಮಸುಕಾದೀತು.

ಇನ್ನು ಹೊಲಿಗೆಯ ಮಾತು. ನಮ್ಮ ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಗೆರೆ ಅಡ್ಡ, ಉದ್ದ, ಇಲ್ಲವೆ ಓರೆಯಾಗಿಯೇ ನಡೆಯಬೇಕು. ಆದ್ದರಿಂದ ಎಕ್ಕೆಯ ಐದು ಎಸಳು ಈ ಲೆಕ್ಕದಲ್ಲಿ ಕೂಡ್ರುವುದಿಲ್ಲ. ಎಂಟು ಎಸಳಿನ ಹೂವು ತಾನಾಗಿ ನಕ್ಷತ್ರವಾಗುತ್ತದೆ. ಎಸಳಿಗೆ ನಾನು ಗಾವಂತಿಯನ್ನೇ ಆರಿಸಿದೆ. ಹೋಗುವಾಗ ಒಂದು ಎಳೆ ಬಿಟ್ಟು ಒಂದು ಹೊಲಿದು, ಅದೇ ದಾರಿಯಲ್ಲಿ ಮರಳಿ ಬರುವಾಗ ಬಿಟ್ಟ ಜಾಗವನ್ನು ತುಂಬಿದರೆ ಗೆರೆ ಹೊರಗೂ ಒಳಗೂ ಒಂದೇ ಸಮ. ಅಂಚಿನ ಬಳ್ಳಿಗೆ ಮೆಟ್ಟಿಲಂತೆ ಏರಿಳಿಯುವ ಮುರ್ಗಿ. ಮೆಂತೆಕಾಳಿನಂತೆ ಕಾಣುವ ಮೆಂತೆಹೊಲಿಗೆ ತುಂಬಿಕೊಂಡು ಚೆಂದ ಕಂಡರೂ ಬಟ್ಟೆಯನ್ನು ಭಾರ ಮಾಡುತ್ತದೆ; ಅದನ್ನು ಕೇಸರಕ್ಕಷ್ಟೇ ಇಟ್ಟೆ. ಆರೆಳೆಯ ದಾರವನ್ನು ಬಿಡಿಸಿ ದೊಡ್ಡ ಹೂವಿಗೆ ಎರಡೆಳೆ, ಸಣ್ಣ ಚುಕ್ಕೆಗೆ ಒಂದೆಳೆ. ಎಲ್ಲಿಯೂ ಗಂಟು ಹಾಕಲಿಲ್ಲ. ದಾರದ ತುದಿಯನ್ನು ಹೊಲಿಗೆಯ ಒಳಗೇ ಅಡಗಿಸಿದೆ. ನಮ್ಮ ಬೀದರ ಸೀಮೆಯ ಬಿಸಿಲಿಗೆ ಒಳಮೈ ಬಟ್ಟೆ ಹಚ್ಚುವಂತಿಲ್ಲ. ಹೊರಗಿನ ಹೂವನ್ನು ನೋಡುವವರು ನಾವು. ಒಳಗಿನ ಗಂಟನ್ನು ನೆತ್ತಿಯ ಮೇಲೆ ಹೊರುವುದು ಕೂಸು.

ಕುಂಚಿಗೆ ಮುಗಿದು ಕೂಸಿಗೆ ತೊಡಿಸಿದ ದಿನ ಅದರ ಬಣ್ಣದ ಮಾತು ಯಾರ ಬಾಯಿಯಿಂದಲೂ ಬರಲಿಲ್ಲ. ಸೊಸೆ ತಾನಾಗಿ ಕೂಸನ್ನು ಎತ್ತಿಕೊಂಡು ಓಣಿಯವರಿಗೆಲ್ಲ ತೋರಿಸಿ ಬಂದಳು. ನನ್ನ ಕಣ್ಣಿನ ದಣಿವಿಗೆ ಅಷ್ಟು ಸಾಕಾಯಿತು.

ಸೂಜಿಯ ಕೆಲಸ ಹೆಂಗಸರ ಹೊತ್ತುಗಳೆಯುವ ಕೆಲಸವೆಂದು ಕೆಲವರ ಎಣಿಕೆ. ಆದರೆ ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ, ಜೇಡರ ದಾಸಿಮಯ್ಯ ಇವರೆಲ್ಲ ಸೂಜಿ, ಕದಿರು, ಮಗ್ಗಗಳನ್ನು ಹಿಡಿದೇ ಶಿವನನ್ನು ಅರಿತವರು. ಕಾಯಕವೆಂದರೆ ಮಾಡುವ ಕೆಲಸದಲ್ಲಿ ಅದನ್ನು ಪಡೆಯುವವರ ಹಿತವನ್ನು ಕಾಣುವುದಲ್ಲವೆ?

ಆದ್ದರಿಂದ ಸೋದರಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಬಿಡುವಿದ್ದಾಗ ಮನೆಯ ಮಕ್ಕಳಿಗೆ ಎರಡು ಹೊಲಿಗೆ ಕಲಿಸಿರಿ, ಗಂಡುಮಕ್ಕಳಿಗೂ ಕಲಿಸಿರಿ. ದಾರದ ಬಣ್ಣವನ್ನು ಎಷ್ಟು ಬೇಕಾದರೂ ಅಳೆದು ತೂಗಿ ಆರಿಸಿರಿ. ತೊಟ್ಟಿಲಲ್ಲಿ ಮಲಗಿದ ಕೂಸಿನ ಬಣ್ಣವನ್ನು ಮಾತ್ರ ಅಳೆಯಬೇಡಿರಿ. ಎಲ್ಲ ಕೂಸುಗಳ ಎದೆಯ ಮೇಲೂ ನಾವು ಕಟ್ಟುವ ಲಿಂಗ ಒಂದೇ. ಅದರ ಕಂತಿಯೂ ಕಪ್ಪೇ.